ರಾಜನ ನೆತ್ತಿ, ಬೆಟ್ಟದ ನೆತ್ತಿ

ಬೆಟ್ಟಗಳಿಗಿನ್ನೂ ಮಂಡಿನೋವು ಬರದಿದ್ದ ಕಾಲ. ಒಂದು ರಾಜ್ಯ. ಅಲ್ಲೊಬ್ಬ ರಾಜ, ಉದ್ದಂಡರಾಯ ಅಂತ. ಹೆಸರಷ್ಟೇ ಉದ್ದ, ಆಳು ಒನಕೆಗಿಂತ ಗಿಡ್ಡ. ತಲೆಯೋ, ಬೆಳಗಿಟ್ಟ ತಂಬಿಗೆ. ಹುಡುಕಿದರೂ ಒಂದು ಕೂದಲಿಲ್ಲ.

ಈ ರಾಜ ಒಂದು ದಿನ ಡಂಗುರ ಹೊಡೆಸಿದ: “ನನ್ನ ನೆತ್ತಿಗಿಂತ ಮೇಲೆ ಯಾರೂ ಇರಕೂಡದು, ಏನೂ ಇರಕೂಡದು!”

ಆಯ್ತಪ್ಪ. ತೆಂಗಿನಮರಗಳು ಹೆದರಿ ಅಡ್ಡಡ್ಡ ಮಲಗಿದವು. ಕಾಗೆಗಳು ಹಾರೋದು ಬಿಟ್ಟು ದಾರಿ ಬದಿ ಹಿಡಿದು ನಡೆದುಕೊಂಡು ಹೋದವು. ಒಲೆಯ ಹೊಗೆ ಮೇಲೇಳದೆ, ಹೊಟ್ಟೆ ಎಳೆದುಕೊಂಡು ಹೊಸಿಲು ದಾಟಿತು. ಇನ್ನು ಜನ? ಎಲ್ಲಾ ಕುಕ್ಕರುಗಾಲಿನಲ್ಲೇ ಓಡಾಟ. ಮದುವೆಗಂಡು ಕೂಡ ಕುಕ್ಕರುಗಾಲಿನಲ್ಲೇ ತಾಳಿ ಕಟ್ಟಿದ.

ಬಗ್ಗದೆ ಉಳಿದದ್ದು ಒಂದೇ, ಬೋಳುನೆತ್ತಿ ಬೆಟ್ಟ. ಅದರ ತಪ್ಪಲಲ್ಲಿ ದುಂಡವ್ವ ಅಂತ ಆಡು ಸಾಕೋ ಹೆಂಗಸು. ಆ ವರ್ಷದ ಬೇಸಗೆಗೆ ಕೆಳಗಿನ ಹುಲ್ಲೆಲ್ಲ ಸುಟ್ಟು ಬೂದಿ. ಮೇಲಿನ ಬಂಡೆಸಂದೀಲಿ ಮಾತ್ರ ಒಂದಿಷ್ಟು ಹಸಿರು. ದುಂಡವ್ವ ಬೆಟ್ಟದ ಬೆನ್ನು ಹಿಡಿದು ಆಡುಗಳನ್ನು ಹತ್ತಿಸಿದಳು. ಚುಕ್ಕಿ ಅನ್ನೋ ಆಡು ಅಲ್ಲಿಂದ “ಮ್ಯಾ” ಅಂತು. ಆ ಮ್ಯಾ ಉರುಳಿ ಉರುಳಿ ಬಂದು, ಉಪ್ಪರಿಗೆಯಲ್ಲಿ ಕೂತಿದ್ದ ರಾಜನ ಮಜ್ಜಿಗೆಗೆ ಬಿತ್ತು.

ಭಟರು ದುಂಡವ್ವನನ್ನು ಎಳೆತಂದರು.

“ಏನೇ, ನನ್ನ ನೆತ್ತಿ ಮೇಲೆ ಆಡು ಮೇಯಿಸ್ತೀಯಾ?” ರಾಜ ಗುಡುಗಿದ.

“ಅಯ್ಯೋ ಬುದ್ಧಿ, ನಿಮ್ಮ ನೆತ್ತಿ ಮೇಲೆ ಹುಲ್ಲೆಲ್ಲಿದೆ?”

ಮಂತ್ರಿ ನಗು ನುಂಗಿದ. ಅದು ಗಂಟಲಲ್ಲಿ ಸಿಕ್ಕಿಕೊಂಡು ಸಂಜೇತನಕ ಬಿಕ್ಕಳಿಸಿದ. ರಾಜನ ಬೋಳು ಕೆಂಪಗಾಯಿತು. “ಇವಳ ಆಡೆಲ್ಲ ಅರಮನೆ ಅಡುಗೆಮನೆಗೆ! ಮೊದಲು ಆ ಮ್ಯಾ ಅಂದದ್ದು!”

 ದುಂಡವ್ವ ತನ್ನ ಅಂಬಲಿಯಲ್ಲೇ ಪಾಲು ಕೊಟ್ಟು ಸಾಕಿದ ಚುಕ್ಕಿ ಅದು. ಆಡು ಹೋದರೆ ಅವಳ ಮನೇಲಿ ಹೊಗೆ ತೆವಳೋಕೂ ಒಲೆ ಉರಿಯೋದಿಲ್ಲ. ಸೆರಗಿನ ತುದಿ ಕಚ್ಚಿ ಒಂದು ಗಳಿಗೆ ಯೋಚಿಸಿದಳು.

“ಆಗಲಿ ಬುದ್ಧಿ. ಆಡು ಹೋದರೂ ಬೆಟ್ಟ ಅಲ್ಲೇ ಇರ್ತದಲ್ಲ? ಅದರ ನೆತ್ತಿ ನಿಮ್ಮ ನೆತ್ತಿಗಿಂತ ಮೇಲೆ. ನೀವೇ ಹೋಗಿ ಅದರ ಮೇಲೆ ಕಾಲಿಡಿ. ನಿಮ್ಮ ನೆತ್ತಿ ಮೇಲೆ ಏನೂ ಇಲ್ಲದಂಗೆ ಅಲ್ಲಿ ನಿಂತ್ರೆ ಆಡು ನಿಮ್ಮವು. ಆಗದಿದ್ರೆ ಆಡೂ ನನ್ನವು, ಬೆಟ್ಟದ ಹುಲ್ಲೂ ನನ್ನದು.”

“ಅಷ್ಟೇ ತಾನೆ?” ಅಂದ ರಾಜ. ಉಂಡು, ತಾಂಬೂಲ ಹಾಕಿ, ಪಲ್ಲಕ್ಕಿ ಏರಿ ಸುಡುಮಧ್ಯಾಹ್ನ ಹೊರಟ. ಹಿಂದೆ ಅಡುಗೆಭಟ್ಟ, ಒಂದು ಕೈಲಿ ಚುಕ್ಕಿಯ ಹಗ್ಗ, ಇನ್ನೊಂದರಲ್ಲಿ ಮಸಾಲೆ ಡಬ್ಬ.

ಏರು ಶುರುವಾಯಿತು. ಪಲ್ಲಕ್ಕಿ ಹೊತ್ತ ಮುಂದಿನವರ ತಲೆ ರಾಜನ ತಲೆಗಿಂತ ಮೇಲಾಯಿತು. “ಬುದ್ಧಿ, ಆ ಬೋವಿಗಳು...” ಅಂದಳು ದುಂಡವ್ವ. ರಾಜ ಕಿರುಚಿದ: “ಎಲ್ಲಾ ಹಿಂದಕ್ಕೆ ಹೋಗ್ರೋ!” ಎಲ್ಲಾ ಹಿಂದಕ್ಕೆ ಹೋದರು. ಪಲ್ಲಕ್ಕಿ ಮೂಗು ಮುರಿದುಕೊಂಡು ಬಿತ್ತು, ರಾಜ ಕುಂಬಳಕಾಯಿಯಂತೆ ಉರುಳಿದ. ಎದ್ದು ತಾನೇ ಮುಂದೆ ನಡೆದ. ದಾರಿ ಗೊತ್ತಿಲ್ಲ. ದುಂಡವ್ವ ಹಿಂದಿನಿಂದ “ಹೈ ಹೈ, ಬಲಕ್ಕೆ! ಟುರ್ರ್, ಎಡಕ್ಕೆ!” ಅಂತ ಹೊಡೆದುಕೊಂಡು ಹೋದಳು.

ಇನ್ನೊಂದಷ್ಟು ದೂರ. “ಬುದ್ಧಿ, ಆ ಕೊಡೆ...”

“ಕೊಡೆಗೇನಾಯ್ತು?”

“ಏನಿಲ್ಲ, ನೆತ್ತಿಗಿಂತ ಮೇಲಿದೆ, ಅಷ್ಟೇ.”

ಕೊಡೆ ಕಣಿವೆಗೆ ಹೋಯಿತು.

ಮತ್ತಷ್ಟು ದೂರ. “ಬುದ್ಧಿ, ಆ ಪೇಟ...”

“ಅದು ನನ್ನದೇ ಕಣೇ!”

“ನಿಮ್ಮದೇ ಬಿಡಿ. ನೆತ್ತಿ ಕೆಳಗೆ ಕಟ್ಟಿದ್ದೀರೋ, ಮೇಲೋ?”

ರಾಜ ನಿಂತು ಯೋಚಿಸಿದ. ಪೇಟ ಬಿಚ್ಚಿ ಸೊಂಟಕ್ಕೆ ಸುತ್ತಿಕೊಂಡ.

ಬಿಸಿಲಿಗೆ ಬೋಳು ತಲೆ ಕಾದ ಬಾಣಲೆಯಾಯಿತು. ಒಂದು ಹನಿ ಬೆವರು ಚುಂಯ್ ಅಂದಿತು. ಅಡುಗೆಭಟ್ಟ ಅಭ್ಯಾಸಬಲದಿಂದ “ಸಾಸಿವೆ ಹಾಕ್ಲಾ ಬುದ್ಧಿ?” ಅಂದುಬಿಟ್ಟ.

ಅಂತೂ ತುದಿ ಮುಟ್ಟಿ ರಾಜ ಎದೆಯುಬ್ಬಿಸಿ ನಿಂತ. “ಈಗ ಹೇಳೇ, ನನ್ನ ನೆತ್ತಿ ಮೇಲೆ ಏನಿದೆ?”

ದುಂಡವ್ವ ಬೆರಳೆತ್ತಿ ಸೂರ್ಯನನ್ನು ತೋರಿಸಿದಳು.

“ಏಯ್ ಸೂರ್ಯ! ಇಳಿಯೋ ಕೆಳಗೆ!” ಅಂತ ರಾಜ ಅಬ್ಬರಿಸಿದ. ಸೂರ್ಯನಿಗೆ ಕಿವಿ ಮಂದ. ಏನಂದ್ರಿ ಅಂತ ಒಂದು ಮಾರು ಕೆಳಗೆ ಬಗ್ಗಿದ.

“ಅಯ್ಯಯ್ಯೋ, ನೆತ್ತಿ ಉರೀತು! ಏನಾದ್ರೂ ಮಾಡೇ ತಾಯೀ!”

ಬೇಸಗೇಲಿ ನೆತ್ತಿಗೆ ಹರಳೆಣ್ಣೆ ತಟ್ಟಿ ಮೇಲೆ ಬೇವಿನಸೊಪ್ಪು ಇಟ್ಟರೆ ತಂಪು. ಎರಡೂ ದುಂಡವ್ವನ ಮಡಿಲಲ್ಲಿದ್ದವು. ತೆಗೆದಳು, ಕೈ ಎತ್ತಿದಳು, ನಿಲ್ಲಿಸಿದಳು. “ಎಣ್ಣೆ ನೆತ್ತಿಗಿಂತ ಮೇಲಾಯ್ತು ಬುದ್ಧಿ. ಸೊಪ್ಪು ಎಣ್ಣೆಗಿಂತ ಮೇಲಾಯ್ತು. ತಟ್ಟೋ ಕೈ ಎಲ್ಲಕ್ಕಿಂತ ಮೇಲಾಯ್ತು. ನನ್ನ ಕತ್ತು ಉಳೀತದಾ?”

“ಆ ಆಜ್ಞೆ ಹಾಳಾಗಲಿ, ತಟ್ಟೇ!”

“ಡಂಗುರ ಹೊಡೆಸಿದ ಮಾತು. ಹಿಂದಕ್ಕೆ ತಗೊಳ್ಳೋದೂ ಅಷ್ಟೇ ಜೋರಾಗಿ ಆಗ್ಬೇಕು.”

ರಾಜ ಕರುಳು ಹರಿಯೋ ಹಾಗೆ ಕೂಗಿದ: “ನನ್ನ ನೆತ್ತಿ ಮೇಲೆ ಯಾರು ಬೇಕಾದ್ರೂ ಇರಲಿ, ಏನು ಬೇಕಾದ್ರೂ ಇರಲಿ!”

ಆ ಕೂಗು ಊರು ಮುಟ್ಟಿತು. ತೆಂಗಿನಮರಗಳು ಮೈ ಕೊಡವಿ ಎದ್ದವು. ಕಾಗೆಗಳು ನಾಲ್ಕು ಹೆಜ್ಜೆ ಕುಪ್ಪಳಿಸಿ, ಹಾರೋದು ನೆನಪಾಗಿ ಹಾರಿದವು. ಹೊಗೆ ನೆಟ್ಟಗಾಯಿತು. ಮದುವೆಗಂಡು ಎದ್ದು ನಿಂತ. “ಅಯ್ಯೋ, ಇಷ್ಟುದ್ದ ಇದ್ದೀರಾ!” ಅಂತ ಹೆಂಡತಿ ನಾಚಿಕೊಂಡಳು.

ದುಂಡವ್ವ ಎಣ್ಣೆ ತಟ್ಟಿದಳು. ತೆಂಗಿನ ಲೆಕ್ಕಕ್ಕೊಂದು ಏಟು, ಕಾಗೆಗೊಂದು ಏಟು, ಚುಕ್ಕಿಗೊಂದು ಏಟು. ಕೊನೇದು ಸ್ವಲ್ಪ ಜೋರಾಗೇ ಬಿತ್ತು. ಮೇಲೆ ಸೊಪ್ಪಿಟ್ಟಳು.

ಹಸಿರು ಕಂಡದ್ದೇ ತಡ, ಚುಕ್ಕಿ ಹಗ್ಗ ಕಿತ್ತುಕೊಂಡು ಓಡಿ ಬಂತು. ಮುಂಗಾಲೆರಡನ್ನೂ ರಾಜನ ಹೆಗಲ ಮೇಲಿಟ್ಟು ಕರಕರ ಅಂತ ಮೇಯತೊಡಗಿತು. ಭಟರು ರಾಜನ ಮುಖ ನೋಡಿದರು. ರಾಜ ಏನು ಹೇಳಿಯಾನು? ಮಾತು ಆಗಲೇ ಊರು ಸೇರಿತ್ತು.

ದುಂಡವ್ವ ಕೈಮುಗಿದಳು. “ಬುದ್ಧಿ, ನೀವಂದಿದ್ದು ಸುಳ್ಳಾಗಲಿಲ್ಲ ನೋಡಿ. ಈಗ ನಿಮ್ಮ ನೆತ್ತಿ ಮೇಲೇ ಆಡು ಮೇಯಿಸ್ತಿದ್ದೀನಿ.”

ಆಡೂ ಅವಳದಾಯಿತು, ಹುಲ್ಲೂ ಅವಳದಾಯಿತು.

ತಲೆಗೆ ನೆರಳು ಬೇಕಾದವನು ತಲೆ ಮೇಲೆ ಒಂದಿಷ್ಟು ಜಾಗ ಬಿಟ್ಟಿರಬೇಕು, ಮಕ್ಕಳಾ. ಇದೇ ನೀತಿ. ಸುಳ್ಳು ಅನ್ನೋರು ಬೇಸಗೇಲಿ ಬೋಳುನೆತ್ತಿ ಬೆಟ್ಟ ಹತ್ತಿ ನೋಡಿ. ಅವತ್ತು ಬಗ್ಗಿದ ಸೂರ್ಯ ಇನ್ನೂ ಪೂರ್ತಿ ನೆಟ್ಟಗಾಗಿಲ್ಲ.