ಪಾಳೇಗಾರನ ಮಗ್ಗುಲ ಕಲ್ಲು

ಕಣ್ಣು ಮುಚ್ಕೋ ಕೂಸೇ, ಹೂಂ ಅಂತಿರು ಸಾಕು. ಒಂದಾನೊಂದು ಕಾಲದಲ್ಲಿ ಕಲ್ಲು ಕಡಿಯೋರ ಊರೊಂದಿತ್ತಂತೆ, ಊರಬಾಗಿಲಲ್ಲಿ ಪಾಳೇಗಾರನ ಕಲ್ಲಿನ ವಿಗ್ರಹ ಇತ್ತಂತೆ. ಅವನು ಬದುಕಿದ್ದಾಗ ತಲೆ ಬಗ್ಗಿಸದೋರಿಗೆ ಚಾಟಿ ಏಟು. ಅವನು ಸತ್ತು ಎಷ್ಟೋ ವರ್ಷ ಆದ್ರೂ ಊರೋರು ಬಗ್ಗೋದು ಬಿಡ್ಲಿಲ್ಲ, ಹೆದರಿಕೆ ಮರೆತು ಭಕ್ತಿ ಅಂದ್ಕೊಂಡ್ರು. ಹೊಸ ಸೊಸೆಯನ್ನೂ ಮೊದಲು ಅಲ್ಲಿಗೇ ತಂದು ಬಗ್ಗಿಸೋರಂತೆ, ಪೆದ್ದು ಮುಂಡೇವು.

ಆ ಊರಲ್ಲಿ ತಿಪ್ಪವ್ವ ಅನ್ನೋ ಮುದುಕಿ, ಅವಳಿಗೆ ಮೂರು ಗಂಡುಮಕ್ಕಳು. ಅವಳು ಚಿಕ್ಕವಳಿದ್ದಾಗ ಅವಳಪ್ಪ, ದುರುಗ ಅಂತ ಅವನ ಹೆಸರು, ಪಾಳೇಗಾರನ ಕೋಟೆ ಕಟ್ಟೋ ಕೆಲಸಕ್ಕೆ ಹೋಗಿ, ಕಾಲು ಮುರಿದ ಜೊತೆಗಾರನ್ನ ಮನೆಗೆ ಕಳಿಸಿ ಒಡೆಯಾ ಅಂದಿದ್ದಕ್ಕೆ, ಪಾಳೇಗಾರ ಅವನನ್ನ ಗೋಡೆ ಮೇಲಿಂದ ತಳ್ಳಿಸಿದ್ದನಂತೆ. ಈಗ ಶ್ರಾವಣಕ್ಕೆ ಕಿರಿಮಗನ ಮದುವೆ ಗೊತ್ತಾಗಿತ್ತು. ನಮ್ಮಪ್ಪನ್ನ ಕೊಂದೋನಿಗೆ ನನ್ನ ಸೊಸೆ ತಲೆ ಬಾಗಬೇಕಾ ಅಂತ ತಿಪ್ಪವ್ವನ ಹೊಟ್ಟೆ ಉರೀತಿತ್ತಂತೆ.

ದೊಡ್ಡಮಗ ಸುತ್ತಿಗೆ ತಗೊಂಡು ಹೋಗಿ ವಿಗ್ರಹದ ಮೂಗು ಒಡೆದ. ಆಮೇಲೆ ಊರೋರು, ಪಾಪ ಒಡೆಯನಿಗೆ ನೋವಾಯ್ತು ಅಂತ ಗಾರೆಯಿಂದ ಮೂಗು ಮೆತ್ತಿ, ಅರಿಶಿನ ಹಚ್ಚಿ, ಇನ್ನೊಂದು ಗೇಣು ಜಾಸ್ತಿ ಬಗ್ಗಿದ್ರಂತೆ. ಆಮೇಲೆ ನಡುವಿನವನು ಅದನ್ನ ಗಾಡಿಗೆ ಹಾಕ್ಕೊಂಡು ಹೋಗಿ ಕೆರೆಗೆ ದೂಡಿದ. ಬೇಸಿಗೇಲಿ ನೀರಿಳಿದು ತಲೆ ಕಾಣಿಸ್ತಲ್ಲ, ತಾನಾಗೇ ಎದ್ದು ಬಂದ ಮಹಿಮಾವಂತ ಅಂತ ವಾಲಗ ಊದಿಸ್ಕೊಂಡು ತಂದು ಮತ್ತೆ ನಿಲ್ಲಿಸಿದ್ರಂತೆ.

ಆಮೇಲೆ ಕಿರಿಮಗ ಮಾಳಿಂಗ ಅವ್ವನ ಹತ್ರ ಕೂತು, ಪಾಳೇಗಾರನ್ನ ಅಲ್ಲಿಂದ ತೆಗೆದ್ರೆ ತಾತನ್ನ ತಳ್ಳಿಸಿದ್ದು ಯಾರು ಅಂತ ಹೇಗೆ ತೋರಿಸೋದು ಅಂದ, ತಾತ ಹೇಗಿದ್ದ ಹೇಳು ಅಂದ. ಅಷ್ಟು ವರ್ಷದಲ್ಲಿ ಹಾಗೆ ಕೇಳಿದೋರೇ ಇರಲಿಲ್ಲ.

"ಮುಖ ನೆನಪಿಲ್ಲ ಮಗಾ. ಹೆಗಲ ಮೇಲೆ ಕೂರಿಸ್ಕೊಂಡಾಗ ಹಿಡ್ಕೊಳ್ತಿದ್ದೆನಲ್ಲ, ಆ ಕಿವಿ ನೆನಪಿದೆ."

ಹೇಳಿ ಗೊಳೋ ಅಂತ ಅತ್ತಳಂತೆ.

ಮಾಳಿಂಗ ಒಂದು ಚಪ್ಪಡಿ ಮೇಲೆ ಕೋಟೆಗೋಡೆ, ಕೈ ತೋರಿಸ್ತಿರೋ ಪಾಳೇಗಾರ, ಬೀಳ್ತಿರೋ ಮನುಷ್ಯ, ಎಲ್ಲಾ ಕೆತ್ತಿ ಕೆಳಗೆ ದುರುಗ ಅಂತ ಬರೆದು ವಿಗ್ರಹದ ಮಗ್ಗುಲಿಗೇ ನೆಟ್ಟ. ಊರೋರು ರೇಗಿದ್ರು, ಕಿತ್ತು ಬಿಸಾಡ್ತೀವಿ ಅಂತ ಬಂದ್ರು. ಬಂದೋರು ನೋಡ್ತಾ ನಿಂತುಬಿಟ್ರು. ಒಬ್ಬನಿಗೆ ತನ್ನಜ್ಜನ ಬೆನ್ನ ಮೇಲಿನ ಬಾಸುಂಡೆ ನೆನಪಾಯ್ತು, ಇನ್ನೊಬ್ಬನಿಗೆ ಕೋಟೆಗೆ ಹೋಗಿ ವಾಪಸ್ಸು ಬರದ ದೊಡ್ಡಪ್ಪ. ಆಮೇಲೆ ಉಳಿ ತಂದು ಅವರೂ ಒಂದೊಂದು ಹೆಸರು ಕೆತ್ತಿದ್ರಂತೆ.

ಮದುವೆ ಹೆಣ್ಣು ಊರಬಾಗಿಲಿಗೆ ಬಂದಳು. ಪಾಳೇಗಾರ ನಿಂತೇ ಇದ್ದ, ಬಗ್ಗು ಅನ್ನೋರು ಯಾರೂ ಇರಲಿಲ್ಲ. ಹುಡುಗಿ ಚಪ್ಪಡಿ ನೋಡಿ, ಅಕ್ಷರ ಕೂಡಿಸಿ ಕೂಡಿಸಿ, ದುರುಗ ಅಂತ ಗಟ್ಟಿಯಾಗಿ ಓದಿ, ಇವರು ಯಾರು ಅತ್ತೆ ಅಂದಳಂತೆ.

"ನಮ್ಮಪ್ಪ ಕಣೇ," ಅಂದಳಂತೆ ತಿಪ್ಪವ್ವ, ಊರೆಲ್ಲ ಕೇಳೋ ಹಾಗೆ.

ಅವರು ಅಲ್ಲಿ ಸುಖವಾಗಿದ್ರು, ನಾವು ಇಲ್ಲಿ ಹೀಗಿದೀವಿ. ಇಷ್ಟೇ ಕತೆ, ಮುಗೀತು, ಮಲ್ಕೋ.