ಅಳತೆಗಲ್ಲು ಮತ್ತು ಅಡ್ಡ ಮಲಗಿದ ಎಮ್ಮೆ

ನಾಲೆಯ ಕಟ್ಟಕಡೆಯ ಗದ್ದೆಯಲ್ಲಿ ಕೆಸರು ಒಣಗಿ ಬಿರಿಯತೊಡಗಿದಾಗ, ಅಲ್ಲಿನ ಕಪ್ಪೆ ತನ್ನ ಮರಿಗಳಿಗೆ ನೀರು ಕೇಳಲು ಕುಪ್ಪಳಿಸುತ್ತಾ ನಾಲೆಯ ತಲೆಭಾಗಕ್ಕೆ ಬಂತು. ನೀರಿನ ಮಟ್ಟ ತೋರಿಸುವ ಅಳತೆಗಲ್ಲು ಅಲ್ಲಿ ಕತ್ತಿನವರೆಗೆ ಮುಳುಗಿ ನಿಂತಿತ್ತು. ಕಲ್ಲಿನಿಂದ ತುಸು ಮುಂದೆ ಎಮ್ಮೆಯೊಂದು ನಾಲೆಗೆ ಅಡ್ಡಲಾಗಿ ಮಲಗಿ ಮೆಲುಕು ಹಾಕುತ್ತಿತ್ತು.

"ಸ್ವಾಮಿ, ನಮ್ಮ ಕಡೆಗೆ ನೀರೇ ಬರುತ್ತಿಲ್ಲ," ಎಂದಿತು ಕಪ್ಪೆ.

"ಸುಳ್ಳು. ನಾಲೆ ತುಂಬಿದೆ. ನನ್ನ ಮೈಮೇಲಿನ ಗೆರೆ ನೋಡಿಕೊ," ಎಂದಿತು ಕಲ್ಲು.

"ಗೆರೆ ಮುಳುಗಿರುವುದು ಎಮ್ಮೆ ಅಡ್ಡ ಮಲಗಿರುವುದರಿಂದ. ಒಮ್ಮೆ ಏಳಲು ಹೇಳಿ ನೋಡಿ."

"ಎಮ್ಮೆಯವರ ಮೇಲೇ ಚಾಡಿಯೇ? ಇರಲಿ, ಪರೀಕ್ಷೆ ಆಗಿಯೇಬಿಡಲಿ. ಎಮ್ಮೆಯವರೇ, ದಯವಿಟ್ಟು ಸ್ವಲ್ಪ ಏಳುತ್ತೀರಾ?"

"ಏಳುವ ಅಭ್ಯಾಸವೇ ತಪ್ಪಿಹೋಗಿದೆ," ಎಂದು ಗೊಣಗುತ್ತಾ ಎಮ್ಮೆ ಎದ್ದಿತು. ಕಟ್ಟಿಕೊಂಡಿದ್ದ ನೀರು ಭೋರೆಂದು ಕಡೆಯ ಗದ್ದೆಗಳತ್ತ ಓಡಿತು. ಕಪ್ಪೆ ಹಿಗ್ಗಿ ವಟಗುಟ್ಟಿತು. ಅಷ್ಟರಲ್ಲಿ ಕತ್ತಿನ ಮಟ್ಟದ ನೀರು ಕಲ್ಲಿನ ಸೊಂಟಕ್ಕೆ, ಸೊಂಟದಿಂದ ಬುಡಕ್ಕೆ ಇಳಿಯಿತು.

"ಅಯ್ಯಯ್ಯೋ, ಬರ ಬಂತು!" ಎಂದು ಕಲ್ಲು ಕಿರುಚಿಕೊಂಡಿತು. "ಈ ಕಪ್ಪೆ ಕಾಲಿಟ್ಟ ಗಳಿಗೆಯೇ ಸರಿಯಿಲ್ಲ. ತುಂಬಿದ ನಾಲೆ ಕಣ್ಣೆದುರೇ ಬತ್ತಿಹೋಯಿತು! ಎಮ್ಮೆಯವರೇ, ಬೇಗ ಮಲಗಿ!"

ಎಮ್ಮೆ ಮಲಗಿತು. ನೀರು ಮತ್ತೆ ಕಲ್ಲಿನ ಕತ್ತಿಗೇರಿತು. ಕಲ್ಲು ನೆಮ್ಮದಿಯ ಉಸಿರು ಬಿಟ್ಟು ಕಪ್ಪೆಗೆ ಹೇಳಿತು:

"ನೋಡಿದೆಯಾ? ನಿಮ್ಮಂಥ ಕಡೆಯವರಿಗೂ ನೀರಿರಲಿ ಅಂತ, ಪಾಪ, ಎಮ್ಮೆಯವರು ಹಗಲೆಲ್ಲಾ ಮೈ ನೋಯಿಸಿಕೊಂಡು ಮಲಗಿದ್ದಾರೆ. ಹೋಗುವ ಮುಂಚೆ ಅವರ ಕಾಲಿಗೆ ಬಿದ್ದು ಹೋಗು."