ಮುಟ್ಟದೆ ಬಿಟ್ಟ ಪಟ್ಟಿ

"ಬುದ್ಧೀ, ಬರೀ ನೋಡುವುದಕ್ಕೂ ಅಪ್ಪಣೆ ಬೇಕೆ?" ಎಂದು ಚೆನ್ನವೀರ ಗುರುಗಳನ್ನು ಕೇಳಿದ.

ಅವನು ಮಠಕ್ಕೆ ಬಂದ ಹೊಸ ಶಿಷ್ಯ. ಕಡಲನ್ನು ಕಣ್ಣಿಂದ ಕಂಡವನಲ್ಲ. ಆದರೆ ಅಂದಿನ ಪತ್ರಿಕೆಯಲ್ಲಿ ಒಂದು ಸುದ್ದಿ ಓದಿದ್ದ. ಆಳ ಕಡಲಿನ ತಳದಲ್ಲಿ ಲೋಹದ ಗಟ್ಟಿಗಳು ಬಿದ್ದಿವೆಯಂತೆ. ಅವನ್ನು ತೆಗೆಯುವುದಕ್ಕಷ್ಟೇ ಅಲ್ಲ, ಎಲ್ಲಿವೆ ಎಂದು ಹುಡುಕುವುದಕ್ಕೂ ನೂರೆಂಟು ನಿಯಮಗಳಂತೆ. ತೆಗೆಯುವವನಿಗೆ ನಿಯಮ ಇರಲಿ, ನೋಡುವವನಿಂದ ಯಾರ ಗಂಟು ಹೋಗುತ್ತದೆ? ಬೆಳಗಿನಿಂದ ಇದು ಅವನ ತಲೆ ಕೊರೆಯುತ್ತಿತ್ತು.

ಗುರುಗಳು ನಕ್ಕು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಅವನಿಗೆ ಹಣದ ಹುಚ್ಚಿಗಿಂತ ತಿಳಿಯುವ ಹುಚ್ಚು ಹೆಚ್ಚು. ಮುಚ್ಚಿದ ಡಬ್ಬಿ ಕಂಡರೆ ಅಲ್ಲಾಡಿಸಿ ನೋಡದೆ ಮುಂದೆ ಹೋಗುವ ಆಸಾಮಿಯಲ್ಲ. ಕಡಲ ತಳದಲ್ಲಿ ಕಪ್ಪು ಗಟ್ಟಿಗಳಿವೆ ಎಂದು ಕೇಳಿದ ದಿನದಿಂದ ಅವನಿಗೆ ನಿದ್ದೆ ಹತ್ತಲಿಲ್ಲ. ಹಡಗು ಕಟ್ಟಿಸಿದ. ಉದ್ದನೆಯ ಹಗ್ಗದ ತುದಿಗೆ, ತಳವನ್ನು ಗೋರಿ ತರುವಂಥ ಕಬ್ಬಿಣದ ಬುಟ್ಟಿಯೊಂದನ್ನು ಬಿಗಿದ. ಆಮೇಲೆ ಹುಡುಕಲು ಅಪ್ಪಣೆ ಬೇಡಿ ಕರಾವಳಿಯ ಹಿರಿಯರ ಮುಂದೆ ಹೋಗಿ ನಿಂತ. ಅವರಲ್ಲಿ ಎಲ್ಲರಿಗಿಂತ ದೊಡ್ಡವಳು ಮೀನುಗಾರರ ಮನೆಯ ಒಬ್ಬ ಮುದುಕಿ.

"ಹುಡುಕಪ್ಪ, ಬೇಡ ಅನ್ನುವುದಿಲ್ಲ," ಎಂದಳು ಆಕೆ. "ನಿನಗೆ ಕೊಡುವ ಜಾಗದಲ್ಲಿ ಉದ್ದಕ್ಕೆ ಒಂದು ಪಟ್ಟಿಯಷ್ಟು ತಳ ಮಾತ್ರ ಮುಟ್ಟದೆ ಬಿಡು. ಅಲ್ಲಿ ಬುಟ್ಟಿ ಇಳಿಸಕೂಡದು. ಯಾವ ಪಟ್ಟಿ ಅಂತ ನೀನೇ ಆರಿಸಿಕೊ."

ಏನೋ ಹಳೆಯ ಹರಕೆ ಇರಬೇಕು ಎಂದುಕೊಂಡ ವ್ಯಾಪಾರಿ ಹೆಚ್ಚು ಯೋಚಿಸದೆ ಮೂಡಣ ಅಂಚಿನ ಪಟ್ಟಿಯನ್ನು ತೋರಿಸಿ ಹೊರಟುಬಿಟ್ಟ.

ಬುಟ್ಟಿ ಇಳಿಯಿತು, ಏರಿತು. ಪ್ರತಿ ಸಲವೂ ಕಪ್ಪು ಗಟ್ಟಿಗಳು ಬಂದವು. ಗಟ್ಟಿಗಳಿಗೆ ಅಂಟಿಕೊಂಡು ಕಣ್ಣಿಲ್ಲದ ಬಿಳಿ ಹುಳುಗಳು ಬಂದವು. ಅವನ್ನು ಅಂಗೈಯಲ್ಲಿಟ್ಟು ನೋಡುವಾಗ ಅವನಿಗೆ ಊಟದ ನೆನಪಿರುತ್ತಿರಲಿಲ್ಲ. ತಳದಿಂದ ಎದ್ದ ರಾಡಿ ಮೇಲಿನವರೆಗೂ ಬಂತು. ಅದನ್ನು ಅವನು ನೋಡಲಿಲ್ಲ. ಅವನ ಕಣ್ಣು ಬುಟ್ಟಿಯ ಮೇಲಿತ್ತು.

ಎಲ್ಲ ನೋಡಿ ಮುಗಿದ ಮೇಲೆ ಮನಸ್ಸು ಮೂಡಣದ ಪಟ್ಟಿಯತ್ತ ತಿರುಗಿತು. ಆರಿಸಿದವನು ತಾನೇ, ಆದರೆ ನೋಡದೆ ಆರಿಸಿದ್ದ. ಎಲ್ಲಕ್ಕಿಂತ ಒಳ್ಳೆಯದನ್ನೇ ಬಿಟ್ಟುಕೊಟ್ಟಿದ್ದರೆ? ಒಂದೇ ಒಂದು ಸಲ ಎಂದು ಬುಟ್ಟಿ ಇಳಿಸಿದ. ಒಂದು ಸಲ ಇಳಿಸಿದವನು ಪಟ್ಟಿಯ ತುದಿ ಮುಟ್ಟುವವರೆಗೆ ನಿಲ್ಲಿಸಲಿಲ್ಲ. ಅದೇ ಗಟ್ಟಿ, ಅದೇ ಹುಳು, ಅದೇ ರಾಡಿ. "ಇಷ್ಟೇನಾ!" ಎಂದು ತನ್ನನ್ನು ತಾನೇ ನೋಡಿ ನಕ್ಕ.

ಮರುವರ್ಷ ಆ ಕಡಲಿಗೆ ಮೀನು ಬರಲಿಲ್ಲ. ಬಲೆಗಳು ಬರಿದಾಗಿ ಮೇಲೆ ಬಂದವು, ಮನೆಗಳಲ್ಲಿ ಒಲೆ ಹೊತ್ತಲಿಲ್ಲ. ಇವನೇ ತಳ ಕೆದಕಿ ಹಾಳುಮಾಡಿದ, ಇವನ ಹಡಗು ಒಡೆಯಿರಿ ಎಂದು ಮೀನುಗಾರರು ಹಿರಿಯರ ಬಳಿ ಬಂದರು. ವ್ಯಾಪಾರಿ ಓಡಿಬಂದು ಮುದುಕಿಗೆ ಕೈಮುಗಿದ.

"ಅಮ್ಮಾ, ನಾನು ಬರೀ ನೋಡಿದೆ. ಈ ವರ್ಷ ನೀರೇ ಬಿಸಿಯಾಗಿದೆ, ಮೀನು ಅದಕ್ಕೇ ಹೋಗಿವೆ," ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಹಾಗೆಂದೇ ನಂಬಿದ್ದ.

"ಇದ್ದರೂ ಇರಬಹುದು," ಎಂದಳು ಮುದುಕಿ. "ನಡಿ, ನೀನು ಮುಟ್ಟದೆ ಬಿಟ್ಟ ಪಟ್ಟಿ ತೋರಿಸು. ಅಲ್ಲೂ ಮೀನಿಲ್ಲದಿದ್ದರೆ ತಪ್ಪು ನೀರಿನದು, ನಿನ್ನದಲ್ಲ. ಇಂಥ ದಿನ ಬಂದರೆ ನಿಜ ತಿಳಿಯಲಿ ಅಂತಲೇ ಅದನ್ನು ಬಿಡಿಸಿದ್ದೆನಪ್ಪ."

ಆ ಪಟ್ಟಿಯನ್ನೂ ಗೋರಿಬಿಟ್ಟೆ ಎಂದು ವ್ಯಾಪಾರಿ ಒಪ್ಪಿಕೊಂಡ. ಹಡಗನ್ನು ಅವನ ಕಣ್ಣೆದುರೇ ಒಡೆದರು. ಅದಕ್ಕೆ ಅವನು ಅಷ್ಟಾಗಿ ಅಳಲಿಲ್ಲ. ನನ್ನಿಂದಲೋ, ನೀರಿನಿಂದಲೋ ಎಂಬ ಒಂದು ಮಾತು ಮಾತ್ರ ಸಾಯುವತನಕ ಅವನನ್ನು ತಿಂದಿತು. ತಿಳಿಯದೆ ಇರಲಾರದವನಿಗೆ ಅದೊಂದು ತಿಳಿಯಲೇ ಇಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರ ಕೂತಲ್ಲಿಂದ ಮುಂದಕ್ಕೆ ಸರಿದ.

"ಅದು ಸರಿ ಬುದ್ಧೀ, ಆದರೆ ಮೀನು ನಿಜವಾಗಿ ಹೋದದ್ದು ಯಾತರಿಂದ?"

"ಹೋಗಿ ನೋಡಿಕೊಂಡು ಬಾ ಮಗನೇ, ಅಲ್ಲೀಗ ಮುಟ್ಟದೆ ಉಳಿದದ್ದು ಏನೂ ಇಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ," ಎಂದರು ಗುರುಗಳು.